ಎಕರೆವಾರು ಸಹಾಯಧನ ಕೊನೆಗೆ ಸೇರುವುದು ಯಾರಿಗೆ?

ಪ್ರಶ್ನೆ

ಬೆಂಬಲ ಬೆಲೆ ಮತ್ತು ಅಗ್ಗದ ಗೊಬ್ಬರದಂತಹ ನೆರವುಗಳು ಮಾರುಕಟ್ಟೆಯನ್ನು ಕೆಡಿಸುತ್ತವೆ, ಅವುಗಳ ಬದಲು ಎಕರೆಗೆ ಇಷ್ಟೆಂದು ಹಣವನ್ನು ನೇರವಾಗಿ ರೈತರ ಖಾತೆಗೆ ಹಾಕುವುದೇ ಲೇಸು ಎಂಬ ವಾದವನ್ನು ಹಲವೆಡೆ ಓದಿದ್ದೇನೆ. ಆದರೆ ಜಮೀನನ್ನು ಗೇಣಿಗೆ ಪಡೆದು ಉಳುವವರ ವಿಷಯದಲ್ಲಿ ಈ ಹಣ ಬಂದ ಬೆನ್ನಲ್ಲೇ ಗೇಣಿಯೂ ಏರಿ, ಕೊನೆಗೆ ಅದು ಭೂಮಾಲೀಕರ ಪಾಲಾಗುತ್ತದೆ ಎಂದೂ ಹೇಳುತ್ತಾರೆ. ಇದು ಎಷ್ಟರ ಮಟ್ಟಿಗೆ ನಿಜ? ಹಣ ಉಳುವವರ ಕೈಯಲ್ಲೇ ಉಳಿಯುವಂತೆ ಸಹಾಯಧನವನ್ನು ರೂಪಿಸಲು ಸಾಧ್ಯವೇ?

ಉತ್ತರ 1

ನಿಜ, ಆದರೆ ಪೂರ್ತಿ ನಿಜವಲ್ಲ. ಸಹಾಯಧನದ ಚೆಕ್ಕಿನ ಮೇಲೆ ಯಾರ ಹೆಸರಿದೆ ಎಂಬುದಕ್ಕೂ ಅದರ ಲಾಭ ಯಾರಿಗೆ ದಕ್ಕುತ್ತದೆ ಎಂಬುದಕ್ಕೂ ನೇರ ಸಂಬಂಧವಿಲ್ಲ. ಬೇಡಿಕೆ ಏರಿದಾಗಲೂ ಯಾವುದರ ಪೂರೈಕೆಯನ್ನು ಹೆಚ್ಚಿಸಲಾಗದೋ ಅದರ ಒಡೆಯರ ಕಡೆಗೆ ಲಾಭ ಸರಿಯುತ್ತದೆ. ಗೊಬ್ಬರವನ್ನು ಇನ್ನಷ್ಟು ತಯಾರಿಸಬಹುದು, ಯಂತ್ರವನ್ನು ಬಾಡಿಗೆಗೆ ತರಬಹುದು, ಆದರೆ ಭೂಮಿ ಇದ್ದಷ್ಟೇ. ಒಂದೇ ಹೊಲಕ್ಕೆ ಇಬ್ಬರು ಗೇಣಿದಾರರು ಬಂದಿದ್ದಾರೆ, ಆ ಹೊಲವನ್ನು ಉಳುವವರಿಗೆ ಎಕರೆಗೆ ನೂರು ಸಹಾಯಧನವಿದೆ ಎಂದುಕೊಳ್ಳಿ. ಒಬ್ಬರು ಗೇಣಿಯನ್ನು ಮೂವತ್ತು ಏರಿಸಿದರೆ ಇನ್ನೊಬ್ಬರು ಅರವತ್ತು ಎನ್ನುತ್ತಾರೆ. ತೊಂಬತ್ತು ಬಿಟ್ಟುಕೊಟ್ಟರೂ ಹತ್ತು ಉಳಿಯುತ್ತದೆ ಎಂಬ ಲೆಕ್ಕ ಇಬ್ಬರಿಗೂ ತಿಳಿದಿರುವುದರಿಂದ ಪೈಪೋಟಿ ಅಲ್ಲಿಯವರೆಗೂ ಹೋಗಬಹುದು.

ಆದರೂ ವ್ಯವಹಾರದಲ್ಲಿ ಗೇಣಿ ಅಷ್ಟು ಬೇಗ ಏರುವುದಿಲ್ಲ. ಅಮೆರಿಕದ ಅಂಕಿಅಂಶಗಳನ್ನು ಆಧರಿಸಿ 2009ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನದ ಅಂದಾಜಿನಂತೆ, ಅಲ್ಲಿ ಪ್ರತಿ ಡಾಲರ್ ಸಹಾಯಧನದಲ್ಲಿ ಸುಮಾರು 25 ಸೆಂಟ್‌ಗಳು ಮಾತ್ರ ಗೇಣಿಯ ಮೂಲಕ ಮಾಲೀಕರಿಗೆ ಹೋಗುತ್ತಿದ್ದವು. ಕರಾರುಗಳು ಹಲವು ವರ್ಷಗಳವರೆಗೆ ಇರುವುದು, ಪರಿಚಿತ ಗೇಣಿದಾರರನ್ನು ಕಳೆದುಕೊಳ್ಳಲು ಮಾಲೀಕರು ಹಿಂಜರಿಯುವುದು ಇಂತಹ ಕಾರಣಗಳಿಂದ ಗೇಣಿ ನಿಧಾನವಾಗಿ ಏರುತ್ತದೆ.

ಗೇಣಿಗಿಂತ ನನ್ನನ್ನು ಹೆಚ್ಚು ಕಾಡುವುದು ಭೂಮಿಯ ಮಾರಾಟ ಬೆಲೆ. ನೆರವು ವರ್ಷವರ್ಷವೂ ಬರುತ್ತದೆ ಎಂಬ ನಂಬಿಕೆ ಹುಟ್ಟಿದೊಡನೆ ಮುಂದಿನ ಹಲವು ವರ್ಷಗಳ ಮೊತ್ತ ಇಂದಿನ ಬೆಲೆಯಲ್ಲೇ ಸೇರಿಬಿಡುತ್ತದೆ. ಯೋಜನೆ ಘೋಷಣೆಯಾದ ದಿನ ಭೂಮಿ ಯಾರ ಬಳಿ ಇತ್ತೋ ಅವರು ಗೆದ್ದರು. ನಂತರ ಸಾಲ ಮಾಡಿ ಕೊಂಡವರಿಗೆ ಸಹಾಯಧನವೆಂದರೆ ತಾವೇ ಮುಂಗಡವಾಗಿ ತೆತ್ತ ಹಣದ ಕಂತು. ನ್ಯೂಜಿಲೆಂಡ್ 1984ರಿಂದ ತನ್ನ ಕೃಷಿ ಸಹಾಯಧನಗಳನ್ನು ಬಹುತೇಕ ಕಿತ್ತುಹಾಕಿದಾಗ ಭೂಮಿಯ ಬೆಲೆ ಕುಸಿಯಿತು, ಏರಿದ ಬೆಲೆಗೆ ಸಾಲದ ಮೇಲೆ ಜಮೀನು ಕೊಂಡವರೇ ಹೆಚ್ಚು ನೊಂದರು.

ಉತ್ತರ 2

ಮೇಲಿನ ಉತ್ತರವನ್ನು ಒಪ್ಪುತ್ತೇನೆ, ಆದರೆ ಅದನ್ನು ಓದಿ ಹಳೆಯ ಬೆಂಬಲ ಬೆಲೆಯೇ ವಾಸಿ ಎಂದು ಯಾರೂ ತಿಳಿಯಬಾರದು. ಬೆಲೆಯ ಮೂಲಕ ಕೊಡುವ ನೆರವೂ ಭೂಮಿಯ ಬೆಲೆಯನ್ನು ಏರಿಸುತ್ತದೆ, ಅದರ ಜೊತೆಗೆ ಹೆಚ್ಚು ಬೆಳೆದವರಿಗೆ ಹೆಚ್ಚು ಕೊಡುತ್ತದೆ ಮತ್ತು ಯಾರಿಗೂ ಬೇಡವಾದ ದಾಸ್ತಾನನ್ನು ಸೃಷ್ಟಿಸುತ್ತದೆ. 1962ರಲ್ಲಿ ಆರಂಭವಾದ ಯುರೋಪಿನ ಸಾಮಾನ್ಯ ಕೃಷಿ ನೀತಿ ಇದಕ್ಕೆ ಒಳ್ಳೆಯ ಉದಾಹರಣೆ. ಮಾರುಕಟ್ಟೆ ದರ ನಿಗದಿತ ಮಟ್ಟಕ್ಕಿಂತ ಕೆಳಗಿಳಿದರೆ ಸರ್ಕಾರಿ ಸಂಸ್ಥೆಗಳೇ ಕೊಳ್ಳುವ ವ್ಯವಸ್ಥೆಯಿಂದಾಗಿ 1980ರ ದಶಕದ ಹೊತ್ತಿಗೆ ಬೆಣ್ಣೆ, ಹಾಲಿನ ಪುಡಿ, ಧಾನ್ಯಗಳು ಉಗ್ರಾಣಗಳಲ್ಲಿ ರಾಶಿ ಬಿದ್ದವು. ಅವನ್ನು ಹೊರದೇಶಗಳಲ್ಲಿ ಅಗ್ಗವಾಗಿ ಸುರಿಯಲು ರಫ್ತು ಸಹಾಯಧನ ಬೇಕಾಯಿತು. ಅದರಿಂದ ವಿಶ್ವ ಮಾರುಕಟ್ಟೆಯ ದರ ಇಳಿದು, ಈ ನೀತಿಯಲ್ಲಿ ಯಾವ ಪಾತ್ರವೂ ಇಲ್ಲದ ಬಡ ದೇಶಗಳ ರೈತರಿಗೆ ಪೆಟ್ಟು ಬಿತ್ತು.

ಯುರೋಪ್ 1992ರಲ್ಲಿ ಧಾನ್ಯಗಳ ಬೆಂಬಲ ಬೆಲೆಯನ್ನು ಸುಮಾರು ಮೂರನೇ ಒಂದರಷ್ಟು ಇಳಿಸಿ ಹೆಕ್ಟೇರುವಾರು ಪರಿಹಾರಕ್ಕೆ ತಿರುಗಿತು, 2003ರ ಸುಧಾರಣೆಯಲ್ಲಿ ಏನು ಬೆಳೆಯುತ್ತಾರೆ ಎಂಬುದಕ್ಕೂ ಪಾವತಿಗೂ ಇದ್ದ ಕೊಂಡಿಯನ್ನು ಬಹುಮಟ್ಟಿಗೆ ಕಳಚಿತು. ಹಣ ಭೂಮಾಲೀಕರ ಕಡೆಗೆ ಸೋರುವುದು ಇದರಿಂದ ನಿಲ್ಲಲಿಲ್ಲ. ದಾಸ್ತಾನು ಮಾತ್ರ ಕರಗಿತು. ಅಷ್ಟನ್ನೇ ಲಾಭವೆಂದು ಎಣಿಸಬೇಕು.

ಉತ್ತರ 3

ಗೊಬ್ಬರದ ಸಹಾಯಧನದ ಬಗ್ಗೆ ಯಾರೂ ಬರೆಯಲಿಲ್ಲವಾದ್ದರಿಂದ ಸೇರಿಸುತ್ತೇನೆ. ಇಲ್ಲಿ ತೊಂದರೆ ಇರುವುದು ಕೊನೆಯ ಚೀಲದಲ್ಲಿ. ಇನ್ನೊಂದು ಚೀಲ ಹಾಕಿದರೆ ಬರುವ ಹೆಚ್ಚುವರಿ ಇಳುವರಿಯ ಬೆಲೆ ಚೀಲದ ನಿಜವಾದ ಬೆಲೆಗಿಂತ ಕಡಿಮೆಯಾದರೂ, ರೈತರು ತೆರುವ ದರಕ್ಕಿಂತ ಹೆಚ್ಚಿದ್ದರೆ ಅದನ್ನು ಹಾಕುವುದು ಅವರ ಮಟ್ಟಿಗೆ ಸರಿಯಾದ ನಿರ್ಧಾರವೇ. ನಷ್ಟ ಬೊಕ್ಕಸಕ್ಕೆ ಮತ್ತು ಮಣ್ಣಿಗೆ. ಭಾರತದಲ್ಲಿ 2010ರಲ್ಲಿ ಪೋಷಕಾಂಶ ಆಧಾರಿತ ಸಹಾಯಧನ (ಗೊಬ್ಬರದಲ್ಲಿರುವ ಪೋಷಕಾಂಶದ ತೂಕಕ್ಕೆ ಇಷ್ಟೆಂದು ಕೊಡುವ ನೆರವು) ಬಂದಾಗ ರಂಜಕ, ಪೊಟ್ಯಾಷ್ ಗೊಬ್ಬರಗಳ ದರ ಏರಲು ಅವಕಾಶವಾಯಿತು, ಸಾರಜನಕ ಒದಗಿಸುವ ಯೂರಿಯಾವನ್ನು ಮಾತ್ರ ಆ ಯೋಜನೆಯಿಂದ ಹೊರಗಿಟ್ಟು ಅದರ ದರವನ್ನು ಹಿಂದಿನಂತೆಯೇ ಸರ್ಕಾರ ನಿಯಂತ್ರಿಸಿತು. ಪರಿಣಾಮವಾಗಿ ಉಳಿದ ಪೋಷಕಾಂಶಗಳಿಗೆ ಹೋಲಿಸಿದರೆ ಸಾರಜನಕದ ಬಳಕೆ ಇನ್ನಷ್ಟು ಹೆಚ್ಚಿ ಸಮತೋಲನ ತಪ್ಪಿತು. ತಿದ್ದಲು ಹೊರಟ ಸುಧಾರಣೆಯೇ ಅರ್ಧಕ್ಕೆ ನಿಂತು ದೋಷವನ್ನು ಹೆಚ್ಚಿಸಿತು ಎನ್ನಬೇಕು.

ಆದರೆ ಕೈಯಲ್ಲಿ ಹಣವಿಲ್ಲದೆ ಮೊದಲ ಚೀಲವನ್ನೂ ಕೊಳ್ಳಲಾಗದವರ ಕಥೆ ಬೇರೆ. ಮಲಾವಿ ದೇಶ 2005ರಲ್ಲಿ ಆರಂಭಿಸಿದ ಕೂಪನ್ ಪದ್ಧತಿಯಲ್ಲಿ ಪ್ರತಿ ಕುಟುಂಬಕ್ಕೆ ಗೊಬ್ಬರದ ಪ್ರಮಾಣ ನಿಗದಿಯಾಗಿತ್ತು. ಅಂತಹ ಮಿತಿ ಇದ್ದರೆ ನೆರವು ಮೊದಲ ಚೀಲಕ್ಕೆ ಸಿಗುತ್ತದೆ, ಕೊನೆಯ ಚೀಲವನ್ನು ಪೂರ್ಣ ಬೆಲೆ ಕೊಟ್ಟೇ ಕೊಳ್ಳಬೇಕಾಗುತ್ತದೆ. ಹಾಗೆಂದು ದೋಷವಿರಲಿಲ್ಲವೆಂದಲ್ಲ: ಹೇಗೂ ಕೊಳ್ಳುತ್ತಿದ್ದವರೂ ಕೂಪನ್ ಪಡೆದಷ್ಟೂ ಖಾಸಗಿ ಅಂಗಡಿಗಳ ವ್ಯಾಪಾರ ಕುಗ್ಗುತ್ತದೆ, ಬಳಕೆ ಹೆಚ್ಚುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಹಾಗಾದರೆ ಭೂಮಿಯನ್ನು ಬಿಟ್ಟು, ಉಳುವ ವ್ಯಕ್ತಿಯ ಹೆಸರಿಗೇ ಹಣ ಕೊಟ್ಟರೆ ಸಮಸ್ಯೆ ತೀರುವುದಿಲ್ಲವೇ?

ಉತ್ತರ 1 ಬರೆದವರಿಂದ

ತಾತ್ವಿಕವಾಗಿ ತೀರಬೇಕು. ಹಿಂದಿನ ಯಾವುದೋ ಅವಧಿಯ ಸಾಗುವಳಿಯನ್ನು ಆಧರಿಸಿ, ವ್ಯಕ್ತಿಗೆ, ನಿಗದಿತ ವರ್ಷಗಳವರೆಗೆ ಮಾತ್ರ ಹಣ ಕೊಟ್ಟರೆ ಹೊಲದ ಮೇಲೆ ಪೈಪೋಟಿ ನಡೆಸಲು ಕಾರಣವಿರುವುದಿಲ್ಲ. ಆದರೆ ಆ ಮಾತನ್ನು ಸರ್ಕಾರ ಉಳಿಸಿಕೊಳ್ಳಬೇಕು. ಅಮೆರಿಕದ 1996ರ ಕಾಯ್ದೆ ಪಾವತಿಯನ್ನು ಹಳೆಯ ದಾಖಲೆಯ ವಿಸ್ತೀರ್ಣಕ್ಕೆ ಕಟ್ಟಿಹಾಕಿತ್ತು. 2002ರ ಕಾಯ್ದೆ ಅದನ್ನು ಪರಿಷ್ಕರಿಸಲು ಅವಕಾಶ ಕೊಟ್ಟಿತು. ಇಂದು ಬಿತ್ತಿದ ವಿಸ್ತೀರ್ಣ ನಾಳೆ ಲೆಕ್ಕಕ್ಕೆ ಬರಬಹುದು ಎಂಬ ನಿರೀಕ್ಷೆ ಒಮ್ಮೆ ಹುಟ್ಟಿದರೆ, ಉತ್ಪಾದನೆಗೆ ಸಂಬಂಧವಿಲ್ಲದ್ದು ಎಂದು ಕಾಗದದಲ್ಲಿ ಬರೆದ ನೆರವೂ ಬಿತ್ತನೆಯ ಮೇಲೆ ಪ್ರಭಾವ ಬೀರುತ್ತದೆ.

ಎರಡನೆಯ ಕಷ್ಟ, ಉಳುವವರು ಯಾರೆಂದು ಗುರುತಿಸುವುದು. ಯುರೋಪ್ ತನ್ನ 2013ರ ಸುಧಾರಣೆಯಲ್ಲಿ 'ಸಕ್ರಿಯ ರೈತ' ಎಂಬ ಷರತ್ತು ಹಾಕಿ, ವಿಮಾನ ನಿಲ್ದಾಣ, ರೈಲ್ವೆ ಸೇವೆ, ಕ್ರೀಡಾ ಮೈದಾನ ನಡೆಸುವವರನ್ನು ಹೊರಗಿಡುವ ಪಟ್ಟಿಯನ್ನೇ ಮಾಡಬೇಕಾಯಿತು. ಎಕರೆಗಟ್ಟಲೆ ಹುಲ್ಲಿದ್ದರೆ ಅರ್ಜಿ ಹಾಕಲು ಅಷ್ಟು ಸಾಕಾಗಿತ್ತು! ಗೇಣಿಯ ಕರಾರು ಬಾಯಿಮಾತಿನದಾಗಿರುವ ಕಡೆ ಇದು ಇನ್ನೂ ಕಠಿಣ. ಉಳುವವರ ಹೆಸರನ್ನು ನೋಂದಾಯಿಸಿದರೆ ಹಣ ಅವರಿಗೆ ಹೋಗುತ್ತದೆ ಎಂದು ತಿಳಿದೊಡನೆ ಮಾಲೀಕರು ಬರವಣಿಗೆಯ ಕರಾರಿಗೆ ಒಪ್ಪುವುದಿಲ್ಲ, ಅಥವಾ ಗೇಣಿದಾರರನ್ನು ಬಿಡಿಸಿ ತಾವೇ ಸಾಗುವಳಿದಾರರೆಂದು ಬರೆಸಿಕೊಳ್ಳುತ್ತಾರೆ. ಗೇಣಿದಾರರಿಗೆ ಕಾನೂನಿನ ರಕ್ಷಣೆಯನ್ನು ಮೊದಲು ಕೊಟ್ಟು, ಸಹಾಯಧನವನ್ನು ಆಮೇಲೆ ತರುವ ಕ್ರಮವೇ ನನಗೆ ಸರಿ ಕಾಣುತ್ತದೆ.