ಈಜು ನಿಷೇಧದ ಬೋರ್ಡು ಸಾಕೇ? ಕಾವೇರಿ, ಕೆರೆ, ಕೃಷಿ ಹೊಂಡ: ಒಂದು ಚರ್ಚೆ

ನೀರುಗಂಟಿ: ಮಳೆಗಾಲದಲ್ಲಿ ಕಾವೇರಿ ದಂಡೆಯ ಪ್ರವಾಸಿ ತಾಣಗಳಲ್ಲಿ ನದಿಗಿಳಿಯದಂತೆ ನಿಷೇಧಾಜ್ಞೆ ಬೀಳುವುದುಂಟು. ಹಿಂದೆ ಅದು 144ನೇ ಕಲಂ, 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 163. ಜಿಲ್ಲಾಡಳಿತದ ಆದೇಶಕ್ಕೆ ಎರಡೇ ತಿಂಗಳ ಆಯುಸ್ಸು. ಮುಂದುವರಿಸಬೇಕಾದರೆ ಸರ್ಕಾರವೇ ಹೇಳಬೇಕು. ಆದೇಶ ಸತ್ತ ಮೇಲೂ ಬೋರ್ಡು ನಿಂತಿರುತ್ತದೆ, ಜನ ಅದಕ್ಕೇ ಟವೆಲ್ ನೇತುಹಾಕಿ ನೀರಿಗಿಳಿಯುತ್ತಾರೆ. ನದಿ ಎಲ್ಲರದ್ದು. ಇಳಿಯಬಹುದಾದ ಜಾಗ ಗುರುತಿಸಿ, ಮಟ್ಟ ತೋರಿಸುವ ಕಂಬ ನೆಟ್ಟು, ಮಿಕ್ಕ ಕಡೆ ಬಿಗಿ ಮಾಡಿ ಅನ್ನುವುದು ನನ್ನ ವಾದ. ಬಲಮುರಿ, ಮುತ್ತತ್ತಿಯಿಂದಲೇ ಶುರುವಾಗಲಿ.

ಕಟ್ಟೆಕಾವಲು: ಬಲಮುರಿಯಿಂದ ಮಾತ್ರ ಬೇಡ. ಅಲ್ಲಿರುವುದು ಅಡ್ಡಕಟ್ಟೆ. ಕಟ್ಟೆ ಮೇಲಿಂದ ಧುಮುಕಿದ ನೀರು ತಳಕ್ಕೆ ಹೋಗಿ, ಮೇಲೆದ್ದು, ಮತ್ತೆ ಕಟ್ಟೆಯ ಕಡೆಗೇ ಹಿಂತಿರುಗುತ್ತದೆ. ಸಿಕ್ಕಿದವನನ್ನು ಮುಳುಗಿಸಿ, ಎತ್ತಿ, ಪುನಃ ಬುಡಕ್ಕೇ ಎಳೆಯುತ್ತದೆ. ನೊರೆ ತುಂಬಿದ ನೀರಿಗೆ ತೇಲಿಸುವ ಶಕ್ತಿಯೂ ಕಡಿಮೆ, ಲೈಫ್ ಜಾಕೆಟ್ ಇದ್ದರೂ ನಂಬುವಂತಿಲ್ಲ. ಈಜು ಬರುತ್ತದೆ ಅನ್ನುವವರೇ ಹಿಂತಿರುಗುವ ನೀರಿಗೆ ಎದುರಾಗಿ, ಕಟ್ಟೆಯಿಂದ ನೇರ ದೂರಕ್ಕೆ ಈಜಲು ಹೋಗಿ ಸೋಲುವುದು. ಪಕ್ಕಕ್ಕೆ ಸರಿಯಬೇಕು, ಇಲ್ಲವೇ ತಳಕ್ಕಿಳಿದು ಕೆಳಹರಿವಿನ ಜೊತೆ ಹೊರಬೀಳಬೇಕು. ಅದನ್ನು ಉಸಿರುಗಟ್ಟಿದವನು ಮಾಡಿಯಾನೇ? ಕಟ್ಟೆಯ ಕೆಳಗೆ ಯಾವ ಮಟ್ಟದಲ್ಲೂ ಅನುಮತಿ ಕೊಡಬಾರದು.

ಹರಿಗೋಲು: ಮುತ್ತತ್ತಿಯೂ ಬೇಡ. ಅದು ಕಾವೇರಿ ವನ್ಯಧಾಮದೊಳಗಿದೆ, 163 ಮುಗಿದರೂ ಅರಣ್ಯ ಇಲಾಖೆಯ ನಿಯಮ ಮುಗಿಯುವುದಿಲ್ಲ. ಮೊಸಳೆಯೂ ಉಂಟು. ಇನ್ನು ಮಟ್ಟದ ಕಂಬದ ವಿಚಾರ. ಕೆಆರ್‌ಎಸ್ ಹೊರಹರಿವು ಇಷ್ಟು ಸಾವಿರ ಕ್ಯುಸೆಕ್ ಎಂದು ಪತ್ರಿಕೆ ನೋಡಿಕೊಂಡು ಹೊರಟರೆ ಸಾಲದು. ತಿ. ನರಸೀಪುರದಲ್ಲಿ ಕಪಿಲೆ, ಅಂದರೆ ಕಬಿನಿ ನದಿ, ಸೇರುತ್ತಾಳೆ, ಅಲ್ಲಿಂದ ಕೆಳಗೆ ಕಬಿನಿ ಅಣೆಕಟ್ಟೆಯ ಲೆಕ್ಕವನ್ನೂ ಕೂಡಿಸಬೇಕು. ಶಿವನಸಮುದ್ರದ ವಿದ್ಯುದಾಗಾರದಿಂದ ಬಿಡುವ ನೀರು ಬೇರೆ. ಆಕಾಶ ಶುಭ್ರವಾಗಿದ್ದಾಗಲೂ ಮಟ್ಟ ಏರಬಹುದು.

ಸೆಳವು ಅಳೆಯುವುದು ಸುಲಭ: ದಡದಲ್ಲಿ 10 ಮೀಟರ್ ಗುರುತಿಸಿ ಕಡ್ಡಿ ತೇಲಿಬಿಡಿ. 10 ಸೆಕೆಂಡಿಗೆ ದಾಟಿದರೆ ಸೆಕೆಂಡಿಗೆ ಒಂದು ಮೀಟರ್. 100 ಮೀಟರನ್ನು ಎರಡು ನಿಮಿಷದಲ್ಲಿ ಈಜುವವನ ವೇಗ 0.83, ಎದುರು ಈಜಿದರೆ ಹಿಂದಕ್ಕೇ ಹೋಗುತ್ತಾನೆ. 20 ಸೆಕೆಂಡಿಗಿಂತ ಬೇಗ ದಾಟಿದರೆ ಇಳಿಯಲೇಬೇಡಿ. ಇಳಿದ ಮೇಲೂ ನೀರಂಚಿನಲ್ಲೊಂದು ಕೋಲು ನೆಟ್ಟಿರಿ; ಅದು ಮುಳುಗತೊಡಗಿದರೆ, ನೀರು ಕೆಂಪಾಗಿ ಎಲೆ-ಕಸ ಬಂದರೆ, ಆ ಕ್ಷಣವೇ ಮೇಲೆ ಬನ್ನಿ. ಕೊಚ್ಚಿಹೋದರೆ ಬಂಡೆಗಳ ನಡುವೆ ನಿಲ್ಲಲು ಹೋಗಬೇಡಿ, ಸಂದಿಗೆ ಪಾದ ಸಿಕ್ಕಿದರೆ ಸೆಳವು ಮುಖ ಅಡಿಯಾಗಿ ಒತ್ತಿಹಿಡಿಯುತ್ತದೆ. ಅಂಗಾತ ಮಲಗಿ, ಕಾಲು ಮುಂದೆ ಮಾಡಿ, ಓರೆಯಾಗಿ ದಡ ಸೇರಿ.

ಟೇಮ್ಸ್ ದಂಡೆ: ಹಕ್ಕಿನ ಮಾತು ಬಂದಿದ್ದಕ್ಕೆ: ಸ್ಕಾಟ್ಲೆಂಡಿನ 2003ರ ಭೂಸುಧಾರಣಾ ಕಾಯ್ದೆಯಲ್ಲಿ ಹೊಣೆಗಾರಿಕೆಯಿಂದ ನಡೆದುಕೊಂಡರೆ ಒಳನಾಡಿನ ನೀರಿಗೂ ಪ್ರವೇಶದ ಹಕ್ಕಿದೆ. ಇಂಗ್ಲೆಂಡ್, ವೇಲ್ಸ್‌ಗಳಲ್ಲಿ 2000ದ ಕಾಯ್ದೆ ಬಯಲಲ್ಲಿ ನಡೆಯಲು ಹಕ್ಕು ಕೊಟ್ಟು, ಉಬ್ಬರವಿಳಿತವಿಲ್ಲದ ನೀರಲ್ಲಿ ಸ್ನಾನವನ್ನು ಹೊರಗಿಟ್ಟಿತು. ಹಕ್ಕು ಕೊಟ್ಟವರೂ ಜವಾಬ್ದಾರಿಯನ್ನು ಈಜುವವನ ತಲೆಗೇ ಕಟ್ಟಿದ್ದಾರೆ.

ಏರಿಮೇಲೆ: ಎಲ್ಲರೂ ಕಾವೇರಿಯನ್ನೇ ಹಿಡಿದುಕೊಂಡಿರಿ. ಊರ ಮಕ್ಕಳು ಇಳಿಯುವುದು ಕೆರೆಗೆ. ಹಳೆಯ ಕೆರೆ ಅಂಗಳದಿಂದ ಏರಿಯ ಕಡೆ ನಿಧಾನಕ್ಕೆ ಆಳವಾಗುತ್ತಿತ್ತು. ಈಗ ಜೆಸಿಬಿ ಬಂದು ಮಣ್ಣೆತ್ತಿದ ಕಡೆಯೆಲ್ಲ ಗೋಡೆಯಂತೆ ಕಡಿದ ಗುಂಡಿ. ಮಂಡಿ ನೀರಲ್ಲಿ ನಡೆಯುತ್ತಿದ್ದವನಿಗೆ ಮುಂದಿನ ಹೆಜ್ಜೆಗೆ ನೆಲವೇ ಇರುವುದಿಲ್ಲ, ಮೇಲಿಂದ ನೋಡಿದರೆ ಎಲ್ಲ ಒಂದೇ ಬಣ್ಣ. ಬೇಸಿಗೆಯಲ್ಲಿ ಕೆರೆ ಒಣಗಿದಾಗಲೇ ಪಂಚಾಯಿತಿಯವರು ಗುಂಡಿಗಳ ಅಂಚಿಗೆ ಕಂಬ ನೆಡಬೇಕು. ತೂಬು ಎತ್ತಿದ್ದಾಗ ಅದರ ಹತ್ತಿರ ಸುಳಿಯಕೂಡದು.

ಕೃಷಿ ಹೊಂಡ ಇನ್ನೂ ಮೋಸ. ಒಳಗೆ ಹಾಸಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಪಾಚಿ ಕಟ್ಟಿದರೆ ಈಜು ಬಲ್ಲವನೂ ಮೇಲೆ ಹತ್ತಲಾರ. ನಾಲ್ಕೂ ಬದಿಗೆ ಗೂಟ ಹೊಡೆದು, ಅಡಿಗೊಂದು ಗಂಟು ಹಾಕಿದ ಹಗ್ಗ ತಳದವರೆಗೆ ಇಳಿಬಿಡಿ. ಇದಕ್ಕೆ ಯಾವ ಇಲಾಖೆಯ ಆದೇಶವೂ ಬೇಡ.

ಪರೀಕ್ಷಾನಳಿಕೆ: ನೀರಿನ ಗುಣ ಯಾರೂ ಎತ್ತಲಿಲ್ಲ. ಹೊರಾಂಗಣ ಸ್ನಾನಕ್ಕೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಬಿ’ ವರ್ಗದ ಮಿತಿ: 100 ಮಿಲಿಲೀಟರಿಗೆ ಒಟ್ಟು ಕೋಲಿಫಾರ್ಮ್ (ಕೊಳಚೆಯ ಸುಳಿವು ಕೊಡುವ ಬ್ಯಾಕ್ಟೀರಿಯಾ) 500ರೊಳಗೆ, ಕರಗಿದ ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಂ ಅಥವಾ ಹೆಚ್ಚು, ಬಿಒಡಿ (ನೀರಿನ ಕೊಳೆಯನ್ನು ಕೊಳೆಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ) 3 ಅಥವಾ ಕಡಿಮೆ. ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳಲ್ಲಿ ಹಕ್ಕಿನ ಚರ್ಚೆಯೇ ಅಪ್ರಸ್ತುತ. ಮಳೆ ಬಂದ ಮರುದಿನ, ಕಾಲಲ್ಲಿ ಗಾಯವಿದ್ದಾಗ ಇಳಿಯಬೇಡಿ, ಇಲಿಜ್ವರ ಹಾಗೆಯೇ ಬರುವುದು.

ನೀರುಗಂಟಿ: ಜಾಗ ನೀವೇ ಹೇಳಿ, ಕಂಬದ ಬೇಡಿಕೆ ಬಿಡುವುದಿಲ್ಲ. ಕಂಬದ ಜೊತೆಗೆ ಹಗ್ಗವೂ ಇರಲಿ. ಪಾಲಿಪ್ರೊಪಿಲೀನ್ ಹಗ್ಗವೇ ಆಗಬೇಕು, 20 ಮೀಟರ್. ಅದು ತೇಲುತ್ತದೆ, ನೈಲಾನ್ ಮುಳುಗುತ್ತದೆ. ತುದಿಗೆ ಐದು ಲೀಟರಿನ ಖಾಲಿ ಕ್ಯಾನ್, ಎಸೆಯಲು ತೂಕ ಬರುವಷ್ಟು ಒಂದು ಲೋಟ ನೀರು ಹಾಕಿ ಮುಚ್ಚಳ ಬಿಗಿ ಮಾಡಿ. ಹಿಡಿಯಲು ಹಾರಿದವನನ್ನು ಮುಳುಗುವವನು ತಬ್ಬಿಕೊಂಡು ಇಬ್ಬರೂ ಹೋಗುತ್ತಾರೆ.

ಕಟ್ಟೆಕಾವಲು: ಮೇಲೆತ್ತಿದ ಮೇಲಿನದನ್ನೂ ಆ ಕಂಬದ ಮೇಲೇ ಬರೆಸಿ. ತಲೆಕೆಳಗು ಮಾಡಿ ತಿರುಗಿಸುವುದು, ಹೊಟ್ಟೆ ಒತ್ತುವುದು, ಉಪ್ಪಿನ ರಾಶಿಯಲ್ಲಿ ಹೂತಿಡುವುದು, ಮೂರೂ ಇರುವ ನಿಮಿಷಗಳನ್ನು ತಿನ್ನುತ್ತವೆ. ಉಸಿರಿಲ್ಲದಿದ್ದರೆ ಮೊದಲು ಬಾಯಿಂದ ಬಾಯಿಗೆ ಉಸಿರು ಕೊಡಿ. ಆಮೇಲೆ ಎದೆಯ ನಡುವೆ 30 ಒತ್ತು, 2 ಉಸಿರು. ನಿಮಿಷಕ್ಕೆ 100ರಿಂದ 120ರ ವೇಗ, ದೊಡ್ಡವರಿಗೆ ಕನಿಷ್ಠ 5 ಸೆಂಟಿಮೀಟರ್ ಆಳ. ಒಬ್ಬರು 108ಕ್ಕೆ ಫೋನ್ ಮಾಡಲಿ. ಎದ್ದು ಕೂತು ‘ಏನಾಗಿಲ್ಲ’ ಅಂದರೂ ಮನೆಗೆ ಕಳಿಸಬೇಡಿ, ಶ್ವಾಸಕೋಶಕ್ಕೆ ನೀರು ಹೋಗಿದ್ದರೆ ಉಸಿರಾಟ ಕೆಲವು ತಾಸಿನ ನಂತರ ಹದಗೆಡಬಹುದು.