ಅಪ್‌ಡೇಟ್: ಆವೃತ್ತಿ ಬದಲಾಗುವ ಕ್ವಾಂಟಮ್ ಆಂದೋಲಕಕ್ಕೆ ನಿಖರ ಉತ್ತರ ಸಿಕ್ಕಿದೆ

ಆವೃತ್ತಿಯು ಒಮೆಗಾ ಬೈ (1 + ಗಾಮಾ ಟಿ) ಎಂಬಂತೆ ಇಳಿಯುತ್ತಾ ಹೋಗುವ ಆಂದೋಲಕದ ಶ್ರೋಡಿಂಗರ್ ಸಮೀಕರಣವನ್ನು, ಅಂದರೆ ಅದರ ಕ್ವಾಂಟಮ್ ಸ್ಥಿತಿ ಕಾಲದೊಂದಿಗೆ ಹೇಗೆ ಬದಲಾಗುತ್ತದೆಂದು ಹೇಳುವ ಸಮೀಕರಣವನ್ನು, ನಿಖರವಾಗಿ ಬಿಡಿಸಬಹುದೇ ಎಂದು ಕಳೆದ ವಾರ ಕೇಳಿದ್ದೆ. ಇಲ್ಲಿ ಟಿ ಎಂದರೆ ಕಾಲ, ಒಮೆಗಾ ಎಂದರೆ ಆರಂಭದ ಆವೃತ್ತಿ, ಗಾಮಾ ಎಂದರೆ ಆವೃತ್ತಿ ಎಷ್ಟು ಬೇಗ ಇಳಿಯುತ್ತದೆಂದು ಹೇಳುವ ಸ್ಥಿರಾಂಕ. ಬಿಡಿಸಬಹುದು. ಲೂಯಿಸ್ ಮತ್ತು ರೀಸನ್‌ಫೆಲ್ಡ್ 1969ರಲ್ಲಿ ಪ್ರಕಟಿಸಿದ ಇನ್ವೇರಿಯಂಟ್ ವಿಧಾನವನ್ನು ಹಿಡಿಯಿರಿ ಎಂಬ ಸಲಹೆಯೇ ಕೈಹಿಡಿಯಿತು. ಅದನ್ನು ಕೊಟ್ಟವರಿಗೆ ಮನಃಪೂರ್ವಕ ಧನ್ಯವಾದಗಳು.

ಅಡಿಯಾಬ್ಯಾಟಿಕ್ ಅಂದಾಜು (ಆವೃತ್ತಿ ತೀರಾ ನಿಧಾನವಾಗಿ ಬದಲಾಗುತ್ತದೆಂದು ಭಾವಿಸುವ ಅಂದಾಜು) ಸಾಕೆಂಬ ಸಲಹೆ ಇಲ್ಲಿ ಫಲಿಸಲಿಲ್ಲ. ಆವೃತ್ತಿ ಇಳಿಯುವ ದರವನ್ನು ಆವೃತ್ತಿಯ ವರ್ಗದಿಂದ ಭಾಗಿಸಿದಾಗ ಬರುವ ಸಂಖ್ಯೆ ಈ ಮಾದರಿಯಲ್ಲಿ ಸದಾ ಗಾಮಾ ಬೈ ಒಮೆಗಾ ಆಗಿಯೇ ಉಳಿಯುವುದರಿಂದ, ಗಾಮಾ ತೀರಾ ಚಿಕ್ಕದಾಗಿರದಿದ್ದರೆ, ಎಷ್ಟು ಕಾಲ ಕಳೆದರೂ ಅಂದಾಜು ಸುಧಾರಿಸುವುದಿಲ್ಲ.

ಇನ್ವೇರಿಯಂಟ್ ವಿಧಾನದಲ್ಲಿ, ಕಾಲದೊಂದಿಗೆ ಬದಲಾಗದ ಐಗನ್ ಮೌಲ್ಯಗಳುಳ್ಳ (ಅಂದರೆ ಅಳೆದರೆ ಸಿಗಬಹುದಾದ ಮೌಲ್ಯಗಳುಳ್ಳ) ಒಂದು ಆಪರೇಟರನ್ನು, ಅಂದರೆ ಸ್ಥಿತಿಯ ಮೇಲೆ ನಡೆಸುವ ಗಣಿತ ಕ್ರಿಯೆಯನ್ನು, ಕಟ್ಟಿಕೊಳ್ಳಬೇಕು. ಅದಕ್ಕೆ ಬೇಕಾದ ರೋ ಎಂಬ ಫಲನವು ಎರ್ಮಕೋವ್ ಸಮೀಕರಣವನ್ನು ಪಾಲಿಸಬೇಕು, ಅಂದರೆ ರೋದ ಎರಡನೆಯ ಅವಕಲನಕ್ಕೆ ಆವೃತ್ತಿಯ ವರ್ಗ ಗುಣಿಸು ರೋ ಕೂಡಿಸಿದರೆ 1 ಬೈ ರೋ ಘನ ಬರಬೇಕು. ನನ್ನ ಮಾದರಿಗೆ ರೋ ಎಂದರೆ (1 + ಗಾಮಾ ಟಿ)ಯ ವರ್ಗಮೂಲಕ್ಕೆ ಒಂದು ಸ್ಥಿರಾಂಕದ ಗುಣಾಕಾರ, ಅಷ್ಟೇ! ಪ್ರತಿ ಸ್ಥಿತಿಯ ಫೇಸ್ (ತರಂಗದ ಚಕ್ರದಲ್ಲಿ ಅದು ತಲುಪಿದ ಹಂತ) ಈ (1 + ಗಾಮಾ ಟಿ)ಯ ಲಾಗರಿದಮ್‌ಗೆ ಅನುಪಾತದಲ್ಲಿ ಬೆಳೆಯುತ್ತದೆ, ಮತ್ತು ಅಂದಾಜಿನಲ್ಲಿ ಒಮೆಗಾ ಇದ್ದ ಜಾಗದಲ್ಲಿ ನಿಖರ ಉತ್ತರವು ಒಮೆಗಾ ವರ್ಗದಿಂದ ಗಾಮಾ ವರ್ಗದ ಕಾಲು ಭಾಗ ಕಳೆದುದರ ವರ್ಗಮೂಲವನ್ನು ಇಡುತ್ತದೆ.

ನನಗೆ ಅತ್ಯಂತ ಸಂತೋಷ ಕೊಟ್ಟ ಸಂಗತಿ ಬೇರೆಯೇ. ಎರ್ಮಕೋವ್ ಸಮೀಕರಣ 1880ರದು, ಕ್ವಾಂಟಮ್ ಸಿದ್ಧಾಂತಕ್ಕಿಂತ ಹಳೆಯದು. ರೇಖೀಯವಲ್ಲದಿದ್ದರೂ ಅದರ ಪರಿಹಾರವನ್ನು ಅದೇ ಬದಲಾಗುವ ಆವೃತ್ತಿಯ ಸಾಮಾನ್ಯ (ಕ್ವಾಂಟಮ್ ಅಲ್ಲದ) ಆಂದೋಲಕದ ಎರಡು ಸ್ವತಂತ್ರ ಪರಿಹಾರಗಳಿಂದಲೇ ಕಟ್ಟಬಹುದೆಂದು 1950ರಲ್ಲಿ ಗಣಿತಜ್ಞ ಪಿನ್ನಿ ತೋರಿಸಿದ್ದರು. ಗಾಮಾ ಒಮೆಗಾದ ಎರಡು ಪಟ್ಟನ್ನು ಮುಟ್ಟಿದಾಗ ಅಥವಾ ಮೀರಿದಾಗ ಮೇಲಿನ ಸರಳ ರೋ ಕೆಲಸ ಮಾಡುವುದಿಲ್ಲ. ಆಗ ಪಿನ್ನಿಯವರ ಸೂತ್ರವನ್ನೇ ಬಳಸಬೇಕು.