ಜೆಟ್ಟಿ, ಮೇವನ್, ಎಸ್‌ಎಸ್‌ಎಲ್: ಜಾವಾ ಗುಂಪಿನ ಪ್ರಶ್ನೋತ್ತರ

ಸದಸ್ಯ 1: ಮೇಡಂ, ಜಾವಾ ವೆಬ್ ಸರ್ವರ್ ಜೆಟ್ಟಿಯನ್ನು ಮೇವನ್ ಬಿಲ್ಡ್ ಟೂಲ್‌ನಿಂದ ಓಡಿಸುತ್ತಿದ್ದೇನೆ. ಮೇವನ್‌ನ ಸೆಟ್ಟಿಂಗ್ ಇರುವ ಪಾಮ್ ಫೈಲಿನ ಎಚ್‌ಟಿಟಿಪಿ ಕನೆಕ್ಟರ್‌ನಲ್ಲಿ ಪೋರ್ಟ್ 8443 ಕೊಟ್ಟೆ. ಎಚ್‌ಟಿಟಿಪಿಎಸ್ ತೆರೆಯುತ್ತಲೇ ಇಲ್ಲ.

ಮೇಡಂ: ಪೋರ್ಟ್ ಬದಲಿಸಿದ ಮಾತ್ರಕ್ಕೆ ಎಸ್‌ಎಸ್‌ಎಲ್, ಅಂದರೆ ಎಚ್‌ಟಿಟಿಪಿಎಸ್‌ಗೆ ಬೇಕಾದ ಎನ್‌ಕ್ರಿಪ್ಷನ್, ಬರುವುದಿಲ್ಲ. ಜೆಟ್ಟಿ 9ರಿಂದ ಆ ಕನೆಕ್ಟರ್ ಟ್ಯಾಗ್ ಬರೀ ಎಚ್‌ಟಿಟಿಪಿಗೆ. ಜೆಟ್ಟಿಯ ಎಕ್ಸ್‌ಎಂಎಲ್ ಫೈಲುಗಳನ್ನು ಮೇವನ್‌ನ ಜೆಟ್ಟಿ ಪ್ಲಗಿನ್‌ಗೆ ಕೊಡಿ: ಮೊದಲು ಮೂಲ ಫೈಲು, ಆಮೇಲೆ ಎಸ್‌ಎಸ್‌ಎಲ್‌ದು, ಕೊನೆಗೆ ಎಚ್‌ಟಿಟಿಪಿಎಸ್‌ದು. ಮಾಮೂಲಿ ಎಚ್‌ಟಿಟಿಪಿಯ 8080 ಪೋರ್ಟ್ ಕೂಡ ಬೇಕಿದ್ದರೆ ಎಚ್‌ಟಿಟಿಪಿ ಫೈಲನ್ನೂ ಸೇರಿಸಿ.

ಸದಸ್ಯ 2: ಜಾವಾದ ಕೀಟೂಲ್ ಕಮಾಂಡ್‌ನಿಂದ ಹೊಸ ಸರ್ಟಿಫಿಕೇಟ್ ಮಾಡಿದೆ. ಕಾಮನ್ ನೇಮ್ ಲೋಕಲ್‌ಹೋಸ್ಟ್ ಅಂತಲೇ ಇದೆ. ಕ್ರೋಮ್ ಒಪ್ಪುತ್ತಿಲ್ಲ.

ಮೇಡಂ: ಕ್ರೋಮ್ 58, ಅಂದರೆ 2017ರಿಂದ, ಕಾಮನ್ ನೇಮ್ ನೋಡುವುದನ್ನೇ ಬಿಟ್ಟಿದೆ. ಹೆಸರು ಸ್ಯಾನ್‌ನಲ್ಲಿ, ಅಂದರೆ ಸರ್ಟಿಫಿಕೇಟಿನ ಪರ್ಯಾಯ ಹೆಸರುಗಳ ಪಟ್ಟಿಯಲ್ಲಿ, ಇರಬೇಕು.

ಸದಸ್ಯ 3: 8443 ಹಾಕಿದೆ, ಬರ್ತಿಲ್ಲ ಮೇಡಂ.

ಮೇಡಂ: ಮೇಲೆ ಓದಿ.

ಸದಸ್ಯ 4: ಒಂದು ಫಾರ್ವರ್ಡ್ ಬಂತು. ಕ್ಲೈಂಟ್‌ನಲ್ಲಿ ಸರ್ಟಿಫಿಕೇಟ್ ಪರೀಕ್ಷಿಸುವ ಟ್ರಸ್ಟ್ ಮ್ಯಾನೇಜರ್‌ನ ಮೆಥಡ್‌ಗಳನ್ನು ಖಾಲಿ ಬಿಟ್ಟರೆ ಸರ್ಟಿಫಿಕೇಟ್ ಎರರ್ ಹೋಗುತ್ತದೆ ಅಂತ ಅದರಲ್ಲಿತ್ತು. ನಾವು ಹಾಕಿದೆವು, ಪ್ರೊಡಕ್ಷನ್‌ನಲ್ಲೂ ಓಡುತ್ತಿದೆ. ಪ್ರೈವೇಟ್ ಕೀ, ಸರ್ಟಿಫಿಕೇಟ್ ಇರುವ ಕೀಸ್ಟೋರ್ ಫೈಲು ಕೋಡ್ ಜೊತೆಗೇ ಗಿಟ್‌ನಲ್ಲಿದೆ, ಎಲ್ಲರಿಗೂ ಅನುಕೂಲ.

ಮೇಡಂ: ಆ ಕೋಡ್ ಇವತ್ತೇ ತೆಗೆಯಿರಿ. ಎರರ್ ಹೋಗಿಲ್ಲ, ನೋಡುವ ಕಣ್ಣನ್ನು ನೀವೇ ಮುಚ್ಚಿದ್ದೀರಿ. ನಡುವೆ ಕೂತವನು ತನ್ನದೇ ಸರ್ಟಿಫಿಕೇಟ್ ತೋರಿಸಿದರೂ ನಿಮ್ಮ ಕ್ಲೈಂಟ್ ಒಪ್ಪಿಕೊಳ್ಳುತ್ತದೆ. ಎನ್‌ಕ್ರಿಪ್ಷನ್ ಇರುತ್ತದೆ, ಆದರೆ ಕೀಲಿ ಅವನ ಕೈಯಲ್ಲಿ. ನಾವೇ ಸಹಿ ಹಾಕಿದ ಸೆಲ್ಫ್‌ಸೈನ್ಡ್ ಸರ್ಟಿಫಿಕೇಟ್ ತಪ್ಪಲ್ಲ. ಅದನ್ನು ಎಕ್ಸ್‌ಪೋರ್ಟ್ ಮಾಡಿ ಕ್ಲೈಂಟಿನ ಟ್ರಸ್ಟ್‌ಸ್ಟೋರ್‌ಗೆ (ನಂಬುವ ಸರ್ಟಿಫಿಕೇಟುಗಳ ಫೈಲಿಗೆ) ಸೇರಿಸಿದರೆ ಎರರ್ ನ್ಯಾಯವಾಗಿಯೇ ಹೋಗುತ್ತದೆ, ಎರಡು ಕಮಾಂಡ್ ಕೆಲಸ. ಇಂಥ ಫಾರ್ವರ್ಡ್ ಇಲ್ಲಿ ಹಾಕಬೇಡಿ ಅಂತ ಎಷ್ಟು ಸಲ ಹೇಳಲಿ?
ನನಗೆ ಇದಕ್ಕಿಂತ ಭಯ ಗಿಟ್‌ನದು. ಡೆವಲಪ್‌ಮೆಂಟಿಗೂ ಪ್ರೊಡಕ್ಷನ್‌ಗೂ ಒಂದೇ ಕೀಸ್ಟೋರಾ?

ಸದಸ್ಯ 4: ಹೌದು. ಅದರ ಪಾಸ್‌ವರ್ಡ್ ಓಬಿಎಫ್‌ನಲ್ಲಿದೆ, ಅಂದರೆ ಜೆಟ್ಟಿ ಮರೆಮಾಚಿದ ರೂಪದಲ್ಲಿ. ತೊಂದರೆ ಇಲ್ಲ ಅಲ್ವಾ?

ಮೇಡಂ: ಇದೆ. ಓಬಿಎಫ್ ಎನ್‌ಕ್ರಿಪ್ಷನ್ ಅಲ್ಲ, ಯಾರು ಬೇಕಾದರೂ ಹಿಂದಕ್ಕೆ ತಿರುಗಿಸಬಹುದು. ಫೈಲ್ ಅಳಿಸಿದರೂ ಹಳೆಯ ಕಮಿಟ್‌ನಲ್ಲಿ ಕೀ ಉಳಿಯುತ್ತದೆ. ಹೊಸ ಕೀ ಮಾಡಿ ಹೊಸ ಸರ್ಟಿಫಿಕೇಟ್ ಹಾಕಿ, ಹಳೆಯದು ಸರ್ಟಿಫಿಕೇಟ್ ಕೊಡುವ ಸಂಸ್ಥೆಯಿಂದ ಬಂದದ್ದಾದರೆ ರಿವೋಕ್ (ರದ್ದು) ಮಾಡಿಸಿ, ಸೆಲ್ಫ್‌ಸೈನ್ಡ್ ಆದರೆ ಟ್ರಸ್ಟ್‌ಸ್ಟೋರ್‌ಗಳಿಂದ ತೆಗೆಯಿರಿ. ಹೊಸ ಕೀಸ್ಟೋರ್ ಪ್ರಾಜೆಕ್ಟ್ ಫೋಲ್ಡರಿನ ಹೊರಗಿರಲಿ.

ಸದಸ್ಯ 5: ಇಷ್ಟೆಲ್ಲ ಯಾಕೆ? ಎಂಜಿನ್‌ಎಕ್ಸ್ ಪ್ರಾಕ್ಸಿ ಸರ್ವರ್ ಮುಂದಿಟ್ಟು, ಎಸ್‌ಎಸ್‌ಎಲ್ ಅದಕ್ಕೇ ಬಿಟ್ಟು, ಜೆಟ್ಟಿಯನ್ನು ಎಚ್‌ಟಿಟಿಪಿಯಲ್ಲೇ ಓಡಿಸಿ.

ಸದಸ್ಯ 2: ಎಚ್‌ಟಿಟಿಪಿಎಸ್‌ನಲ್ಲಿ ಮಾತ್ರ ಹೋಗುವ ಸೆಕ್ಯೂರ್ ಕುಕೀ, ರೀಡೈರೆಕ್ಟ್ ಎಲ್ಲ ಲೋಕಲ್‌ನಲ್ಲೇ ಪರೀಕ್ಷಿಸಬೇಕಲ್ವಾ? ಅದಕ್ಕೂ ಎಂಜಿನ್‌ಎಕ್ಸ್ ಹಾಕೋದಾ?

ಸದಸ್ಯ 5: ಹಾಕಿ. ಪ್ರೊಡಕ್ಷನ್ ಹೇಗಿದೆಯೋ ಲೋಕಲ್ ಹಾಗೇ ಇರಬೇಕು.

ಸದಸ್ಯ 2: ಪ್ರೊಡಕ್ಷನ್‌ನಲ್ಲಿ ಎಲ್ಲರೂ ಪ್ರಾಕ್ಸಿ ಇಟ್ಟಿರ್ತಾರೆ ಅಂತ ನಿಮಗ್ಯಾರು ಹೇಳಿದ್ದು?

ಸದಸ್ಯ 6: ಮೇವನ್ ಬದಲು ಗ್ರೇಡಲ್‌ನಲ್ಲಿ ಹೇಗೆ ಮಾಡೋದು?

ಸದಸ್ಯ 5: ಅನುಭವ ಇಲ್ಲದವರ ಜೊತೆ ವಾದ ಬೇಡ.

ಮೇಡಂ: ಜಗಳ ಬೇರೆ ಕಡೆ ಮಾಡಿ. ನಾಲ್ಕನೆಯವರೇ, ಹಳೆಯ ಸರ್ಟಿಫಿಕೇಟ್ ರಿವೋಕ್ ಆಯಿತಾ?

ಸದಸ್ಯ 3: ಮೇಡಂ, 8443...